ಯಾವ ಪೈಕಿ?

ದಾವಣಗೆರೆಯಲ್ಲಿ ಗೆಳೆಯರೊಬ್ಬರ ಮನೆ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕನ ಮಗ, ಅವನ ಆ ಪಕ್ಕ ಗುರುತಿಲ್ಲದ ಹಿರಿಯರೊಬ್ಬರು. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಅವರು ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಹೋಳಿಗೆ ಬರುವ ಹೊತ್ತಿಗೆ ದನಿ ತಗ್ಗಿಸಿ, "ನೀವು ಯಾವ ಪೈಕಿ, ತಮ್ಮಾ?" ಅಂದರು. ಐಐಟಿಯಲ್ಲಿ ಮೂರನೇ ವರ್ಷ ಓದುತ್ತಿರುವ ಹುಡುಗ ಥಟ್ಟನೆ "ಮೆಕ್ಯಾನಿಕಲ್" ಅಂದ. ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಯೋಚನೆಗೆ ಬಿದ್ದರು.

ಕೈ ತೊಳೆಯುವ ಸಾಲಿನಲ್ಲಿ ನಿಂತು ನಾನು ನಗುತ್ತಿದ್ದರೆ, ಅವನು ತನ್ನ ಉತ್ತರ ಅಷ್ಟೇನೂ ತಪ್ಪಲ್ಲ ಎಂದು ವಾದಿಸಿದ. ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ಎದುರು ಕೂತವರು ಹೆಸರಿನ ಬೆನ್ನಿಗೇ ಕೇಳುವುದು ಬ್ರಾಂಚನ್ನಂತೆ. ಕಂಪ್ಯೂಟರ್ ಸೈನ್ಸಿನವರಿಗೆ ಎತ್ತರದ ಮಣೆ. ಮೆಟಲರ್ಜಿಯವನು ತನ್ನ ಮೇಲೆ ತಾನೇ ಜೋಕು ಮಾಡಿಕೊಂಡು ಉಳಿದವರಿಗೆ ಆ ಶ್ರಮ ತಪ್ಪಿಸುತ್ತಾನೆ. ಆಮೇಲಿನದು, ಪ್ರವೇಶ ಪರೀಕ್ಷೆಯಲ್ಲಿ "ರ್ಯಾಂಕ್ ಎಷ್ಟು?" ಕೇಳಲು ಬರೀ ಲೆಕ್ಕದ ಮಾತು. ಆದರೆ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ 7.5, ಒಬಿಸಿಗೆ 27ರಷ್ಟು ಸೀಟು ಮೀಸಲು. ಯಾವ ಬ್ರಾಂಚ್ ಯಾವ ವರ್ಗಕ್ಕೆ ಎಷ್ಟನೇ ರ್ಯಾಂಕಿಗೆ ಮುಗಿಯಿತೆಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ರ್ಯಾಂಕ್ ಹೇಳಿದರೆ ಪೈಕಿ ಹೇಳಿದ ಹಾಗೆ. ಹೇಳದೆ ಅನ್ನ ಕಲಸುತ್ತ ಕೂತರೂ ಹೇಳಿದ ಹಾಗೆಯೇ. ನಮ್ಮ ಹಿರಿಯರು ದನಿಯನ್ನಾದರೂ ತಗ್ಗಿಸಿದ್ದರು.

ಕನ್ನಡದಲ್ಲಿ ಬರೆದರೆ ಇನ್ನೊಂದು ಪೇಚು: ಎರಡೂ 'ಕೋಟಾ'ವೇ. ಒಂದು ರಾಜಸ್ಥಾನದ ಊರು, ಇನ್ನೊಂದು ಮೀಸಲಾತಿ. ಅಪ್ಪ ಲಕ್ಷಗಟ್ಟಲೆ ಸುರಿದು ಎರಡು ವರ್ಷ ಅಲ್ಲಿನ ಕೋಚಿಂಗಿಗೆ ಬಿಟ್ಟ ಮಗ "ನಾನು ಕೋಟಾದಿಂದ ಬಂದೋನು" ಅಂತ ಎದೆಯುಬ್ಬಿಸಿ ಹೇಳಬಹುದು. ಇನ್ನೊಂದು ಕೋಟಾದಿಂದ ಬಂದವನು ಅದೇ ಮಾತನ್ನು ಅನ್ನದ ಜೊತೆ ನುಂಗಬೇಕು. ಮೊದಲನೆಯದೂ ಮೀಸಲಾತಿಯೇ ಎಂದು ನನ್ನ ಲೆಕ್ಕ, ದುಡ್ಡಿದ್ದವರ ಪೈಕಿಯದು.

2023ರಲ್ಲಿ ಐಐಟಿ ಬಾಂಬೆ, ಸಹಪಾಠಿಯ ಜೆಇಇ ರ್ಯಾಂಕನ್ನೋ ಗೇಟ್ ಅಂಕವನ್ನೋ ಕೇಳುವುದು ತರವಲ್ಲ, ಅದು ಜಾತಿ ಕೆದಕಿದಂತಾಗುತ್ತದೆ ಎಂದು ಮಾರ್ಗಸೂಚಿಯನ್ನೇ ಹೊರಡಿಸಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಅಲ್ಲಿ ಮೊದಲ ವರ್ಷದ ದಲಿತ ಹುಡುಗನೊಬ್ಬ ಪ್ರಾಣ ಬಿಟ್ಟಿದ್ದ.

"ಈಗ ನಿಮ್ಮಲ್ಲೂ ಕೇಳೋದು ನಿಂತಿದೆಯೇನೋ?" ಅಂದೆ.

"ರ್ಯಾಂಕ್ ಕೇಳಲ್ಲ ಮಾಮ. ಯಾವ ಸ್ಕೂಲು, ಯಾವ ಕೋಚಿಂಗು, ಅಪ್ಪ ಏನ್ ಮಾಡ್ತಾರೆ ಅಂತ ಕೇಳ್ತಾರೆ." ನಲ್ಲಿ ತಿರುಗಿಸುತ್ತ ಸೇರಿಸಿದ, "ರಿಸಲ್ಟ್ ದಿನ ನೀವು ಎಷ್ಟು ಸಲ ಫೋನ್ ಮಾಡಿದ್ರಿ, ನೆನಪಿದೆಯಾ?"

ನೆನಪಿತ್ತು. ಆರು ಸಲ.

ಅಷ್ಟರಲ್ಲಿ ಹಿಂದಿನಿಂದ ಒದ್ದೆ ಕೈಯೊಂದು ಹುಡುಗನ ಭುಜ ಮುಟ್ಟಿತು. "ಮೆಕ್ಯಾನಿಕಲ್ ಅಂದ್ರೆ, ಹರಿಹರದ ಕಡೆಯೋರೇನಪ್ಪಾ?"