ದುಬಾಯಿಯ ಹಾದಿ, ಊರಿನ ಲೈಸನ್ಸು

ಕಾಸರಗೋಡಿನ ಮನೆಮನೆಗೂ ದುಬಾಯಿ ಪರಿಚಿತ ಹೆಸರು. ಆದರೆ ಅಲ್ಲಿನ ರಸ್ತೆ, ಎಷ್ಟೇ ಪಳಗಿದ ಚಾಲಕನಿಗೂ ಮೊದಲ ದಿನ ಅಪರಿಚಿತವೇ. ಸೌದಿ ಗಡಿಯಿಂದ ರಾಸ್ ಅಲ್ ಖೈಮಾದವರೆಗೆ ಸಾಗುವ ಇ-11 ಹೆದ್ದಾರಿಗೆ ದುಬಾಯಿಯೊಳಗೆ ಶೇಖ್ ಜಾಯೆದ್ ರಸ್ತೆ ಎಂದು ಹೆಸರು. ಎರಡೂ ದಿಕ್ಕು ಸೇರಿ ಹನ್ನೆರಡಕ್ಕೂ ಹೆಚ್ಚು ಪಥಗಳು. ಇಕ್ಕೆಲಗಳಲ್ಲಿ ಗಾಜಿನ ಗೋಪುರಗಳು. ತಲೆಯ ಮೇಲೆ ಅರಬಿ ಮತ್ತು ಇಂಗ್ಲಿಷ್ ಫಲಕಗಳು. ವಾಹನಗಳು ಚಲಿಸುವುದು ರಸ್ತೆಯ ಬಲಬದಿಯಲ್ಲಿ. ಸ್ಟಿಯರಿಂಗ್ ಇರುವುದು ಕಾರಿನ ಎಡಬದಿಯಲ್ಲಿ. ತಲಪಾಡಿ, ಕುಂಬಳೆಯ ದಾರಿಯಲ್ಲಿ ಪಳಗಿದ ಎಡಗೈ ಗೇರನ್ನು ಹುಡುಕಿದರೆ ಅಲ್ಲಿ ಸಿಗುವುದು ಬಾಗಿಲು.

ಕೈಯ ಅಭ್ಯಾಸ ಕೆಲವು ವಾರಗಳಲ್ಲಿ ಬದಲಾದೀತು. ಅದಕ್ಕೂ ಮೊದಲು ಬದಲಾಗಬೇಕಾದುದು ಕಾನೂನಿನ ತಿಳಿವಳಿಕೆ. ಲೈಸನ್ಸ್ ಎಂಬುದು ಜಾಣ್ಮೆಗೆ ದೊರೆತ ಪದವಿಯಲ್ಲ. ಒಂದು ದೇಶವು ತನ್ನ ರಸ್ತೆಗಳ ಮಟ್ಟಿಗೆ ನೀಡುವ ಅನುಮತಿ. ಸಂದರ್ಶಕ ವೀಸಾದಲ್ಲಿ ಹೋದವರು ಊರಿನ ಆರ್‌ಟಿಓ ಕಚೇರಿಯಿಂದ ಪಡೆದ ಅಂತಾರಾಷ್ಟ್ರೀಯ ಪರವಾನಗಿಯನ್ನು ಮೂಲ ಲೈಸನ್ಸಿನೊಂದಿಗೆ ಇಟ್ಟುಕೊಂಡು ಅಲ್ಲಿ ಕಾರು ಓಡಿಸಬಹುದು. ಅದೇ ವ್ಯಕ್ತಿಗೆ ನಿವಾಸ ವೀಸಾ ದೊರೆತೊಡನೆ ಆ ಸೌಲಭ್ಯ ಮುಗಿಯುತ್ತದೆ. ಒಂದು ವರ್ಷದ ಆ ಪರವಾನಗಿಯಲ್ಲಿ ಇನ್ನೂ ಹತ್ತು ತಿಂಗಳು ಉಳಿದಿದ್ದರೂ ಫಲವಿಲ್ಲ. ಅನೇಕರು ಎಡವುವುದು ಇಲ್ಲಿಯೇ.

ಕೆಲವು ದೇಶಗಳ ಲೈಸನ್ಸನ್ನು ಅಲ್ಲಿ ನೇರವಾಗಿ ಬದಲಾಯಿಸಿಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಊರಿನಲ್ಲಿ ಇಪ್ಪತ್ತು ವರ್ಷ ವಾಹನ ನಡೆಸಿದವರೂ ಅಲ್ಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಲೇಬೇಕು. ಕಣ್ಣಿನ ತಪಾಸಣೆ, ನಿಯಮಗಳ ಪರೀಕ್ಷೆ, ಅಂಗಳದಲ್ಲಿ ವಾಹನ ನಿಲ್ಲಿಸುವ ಪರೀಕ್ಷೆ, ಕೊನೆಗೆ ರಸ್ತೆಯ ಪರೀಕ್ಷೆ. ನಿಯಮಗಳ ಪರೀಕ್ಷೆಯನ್ನು ಅರಬಿ, ಇಂಗ್ಲಿಷ್ ಮಾತ್ರವಲ್ಲದೆ ಹಿಂದಿ, ಉರ್ದು, ಮಲಯಾಳಗಳಲ್ಲಿಯೂ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಕಾಸರಗೋಡಿನ ಯುವಕನಿಗೆ ನೆರೆಮನೆಯ ಮಲಯಾಳ ಅಲ್ಲಿ ನೆರವಿಗೆ ಬರುತ್ತದೆ.

ಈ ದೀರ್ಘ ದಾರಿಗೆ ಬೇಸತ್ತು ಗೆಳೆಯನ ಕಾರಿನ ಕೀಲಿ ಪಡೆಯುವವರು ಒಂದು ಮಾತನ್ನು ಅರಿತಿರಬೇಕು. 2025ರ ಮಾರ್ಚ್ 29ರಂದು ಜಾರಿಗೆ ಬಂದ ಹೊಸ ಸಂಚಾರ ಕಾನೂನಿನಂತೆ, ಅಲ್ಲಿ ಮಾನ್ಯವಲ್ಲದ ವಿದೇಶಿ ಲೈಸನ್ಸಿನಿಂದ ವಾಹನ ನಡೆಸಿದರೆ ಮೊದಲ ಸಲವೇ 2,000ದಿಂದ 10,000 ದಿರ್ಹಮ್‌ವರೆಗೆ ದಂಡ. ದಂಡವನ್ನು ಹೇಗಾದರೂ ಕಟ್ಟಬಹುದು. ಅಪಘಾತದ ಹೊರೆ ಹಾಗಲ್ಲ. ವಿಮಾ ಕಂಪೆನಿ ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮರಳಿ ವಸೂಲು ಮಾಡಬಲ್ಲದು. ಐದು ನಿಮಿಷದ ಪಯಣ ಊರಿನ ಮನೆಯ ಹಲವು ವರ್ಷಗಳ ಉಳಿತಾಯವನ್ನು ನುಂಗೀತು.

ಹಾಗೆಂದು ಊರಿನ ಲೈಸನ್ಸು ನಿರುಪಯುಕ್ತವಲ್ಲ. ದುಬಾಯಿಯಲ್ಲಿ ಹೊಸಬರಿಗೆ 20 ಗಂಟೆಗಳ ಚಾಲನಾ ತರಬೇತಿಯಿದ್ದರೆ, ಐದು ವರ್ಷ ಮೀರಿದ ಲೈಸನ್ಸ್ ಉಳ್ಳವರಿಗೆ 10 ಗಂಟೆ ಸಾಕು. ಆದುದರಿಂದ ಹೊರಡುವ ಮುನ್ನ ಅದರ ಅವಧಿ ನೋಡಿ, ಬೇಕಿದ್ದರೆ ನವೀಕರಿಸಿ, ಪಾಸ್‌ಪೋರ್ಟಿನ ಜತೆಗೇ ಇಟ್ಟುಕೊಳ್ಳುವುದು ಲೇಸು. ಅದನ್ನು ತೋರಿಸಿ ಅಲ್ಲಿ ಕಾರು ನಡೆಸುವಂತಿಲ್ಲ. ಆದರೆ ಕಲಿತ ವರ್ಷಗಳಿಗೆ ಅದುವೇ ಸಾಕ್ಷಿ.