ಚೆಂಡುಹೂ ತಿಂದವರು ಯಾರು?

ಶ್ರಾವಣದಲ್ಲಿ ನಾಲ್ಕು ದಿನ ರಜೆ ಸಿಕ್ಕಿತ್ತು. ಬೆಂಗಳೂರಲ್ಲಿ ಬಸ್ ಹತ್ತೋ ಮೊದಲೇ ಅವ್ವನ ಫೋನು. "ಬಾಜೂ ಮನಿ ಆಡು ನನ್ನ ಚೆಂಡುಹೂವಿನ ಸಸಿ ಎಲ್ಲಾ ತಿಂದಾವ. ಅವರ ಜೋಡಿ ಮಾತು ಬಿಟ್ಟೀನಿ." ದೀಪಾವಳಿಗೆಂದು ಹಿತ್ತಲಲ್ಲಿ ಪ್ರತಿವರ್ಷ ಹಾಕುವ ಸಸಿ. ಬಾಜೂ ಮನೆಯವರದು ಇಪ್ಪತ್ತು ವರ್ಷದ ಬಳಕೆ.

ಆಳಂದಕ್ಕೆ ಹೋಗುವ ಮುಂಚೆ ಜೇವರ್ಗಿಯಲ್ಲಿ ಅಕ್ಕನ ಮನೆಗೆ ಇಳಿದೆ. ಬೆಳಿಗ್ಗೆ ಮಾಮಾ (ಅಕ್ಕನ ಗಂಡ) ತೊಗರಿ ಹೊಲಕ್ಕೆ ಕರೆದುಕೊಂಡು ಹೋದರು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತೋಕೇ ಆಗ್ತಿರಲಿಲ್ಲ. ಸಾಲುಗಳ ಕುಡಿ ಮಾಯ, ನೆಲದಲ್ಲಿ ಎರಡು ಸೀಳಿನ ಚೂಪು ಗೊರಸು. "ಚಿಗರಿ" ಅಂದರು. "ಮ್ಯಾಲಿನ ಮುಂದಿನ ಹಲ್ಲು ಇಲ್ಲ ಅವಕ್ಕ. ಕಚ್ಚಿ ಎಳೀತಾವ, ಕಾಂಡ ಹರಕಾಗಿ ಉಳೀತದ. ಆಡೂ ಹಂಗೇ ತಿಂತದ ನೋಡ್ರಿ." ಚಿಗರಿ ಅಂದ್ರೆ ಕೃಷ್ಣಮೃಗ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರೋದರಿಂದ ಕೂಗಿ ಓಡಿಸಬೇಕು, ಅಷ್ಟೇ.

ಅಫಜಲಪುರದ ಹತ್ತಿರ ಭೀಮಾ ದಂಡೆಯಲ್ಲಿ ಕಾಕಾನ ಕಬ್ಬು. ಅಲ್ಲಿ ಕಳ್ಳ ಯಾರಂತ ಕೇಳೋದೇ ಬೇಡ. ನೆಲ ನೇಗಿಲು ಹೊಡೆದಂಗೆ ಕಿತ್ತುಬಂದಿತ್ತು, ಬುಡದಲ್ಲಿ ಜಗಿದು ಉಗುಳಿದ ಸಿಪ್ಪೆ. ಕಾಡುಹಂದಿ. ಬೇಲಿಗೆ ಕರೆಂಟ್ ಬಿಡು ಅಂತ ಯಾರೋ ಕಾಕಾಗೆ ಹೇಳಿದ್ದರಂತೆ. "ರಾತ್ರಿ ನೀರು ಬಿಡ್ಲಾಕ ಬಂದ ಮನಷ್ಯಾನೇ ಸತ್ರ?" ಅಂದು, ಡಬ್ಬಿ ಬಡಿದುಕೊಂಡು ಕಾವಲು ಕೂಡ್ತಾನೆ.

ಆಳಂದ ಮುಟ್ಟಿದಾಗ ಸಂಜೆಯಾಗಿತ್ತು. ಅವ್ವನ ಮಡಿ ನೋಡಿದೆ. ಹರಕು ಕಾಂಡ ಇಲ್ಲ, ಗೊರಸಿಲ್ಲ, ಹಿಕ್ಕೆ ಇಲ್ಲ. ಎಲೆಯ ನಡುವೆ ಸೊಟ್ಟಪಟ್ಟ ತೂತು, ಎಳೆ ಸಸಿ ಬುಡಕ್ಕೇ ಕತ್ತರಿಸಿದೆ. ಕಲ್ಲಿನ ಮೇಲೆ ಒಣಗಿದ ಲೋಳೆಯ ಗೆರೆ ಬೆಳ್ಳಿಯಂಗೆ ಹೊಳೀತಿತ್ತು.

ರಾತ್ರಿ ಒಂಬತ್ತಕ್ಕೆ, ಜಿಟಿಜಿಟಿ ಮಳೆಯಲ್ಲಿ ಮೊಬೈಲ್ ಟಾರ್ಚ್ ಹಾಕಿದೆ. ಶಂಖದ ಹುಳ! ಮಡಿಯಲ್ಲಿ, ಗೋಡೆ ಮೇಲೆ, ಬಕೆಟ್ ಕೆಳಗೆ. ಒಂದೇ ತಾಸಿಗೆ ನಲವತ್ಮೂರು ಎಣಿಸಿದೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದಳು.

ಇದು ನಮ್ಮ ನೆಲದ ಹುಳ ಅಲ್ಲ. ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟರಂತೆ. ಒಂದೇ ಹುಳದಲ್ಲಿ ಗಂಡೂ ಹೆಣ್ಣೂ ಇರ್ತದೆ, ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ. ನಮ್ಮ ಕಡೆ ಸೋಯಾ ಮೊಳಕೆಯನ್ನೂ ಬಿಟ್ಟಿಲ್ಲ. ನಾಲಿಗೆಯಲ್ಲಿ ಸಾವಿರಾರು ಸಣ್ಣ ಹಲ್ಲು, ಎಲೆಯನ್ನು ಕೆರೆದು ಕೆರೆದು ತಿನ್ನುತ್ತದೆ.

ಬರಿಗೈಲಿ ಮುಟ್ಟಬೇಡಿ. ಇದರ ಮೈಯಲ್ಲಿ ಮನುಷ್ಯರಿಗೆ ತಗಲುವ ಪರಾವಲಂಬಿ ಹುಳು ಇರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ, ಉಪ್ಪುನೀರಿನ ಬಕೆಟ್‌ಗೆ ಹಾಕಿದೆವು. ಉಪ್ಪನ್ನ ಮಡಿಗೇ ಚೆಲ್ಲಿದ್ರೆ ಹುಳದ ಜೊತೆ ಸಸಿಯೂ ಹೋಗ್ತದೆ. ಅವ್ವ ಮುಷ್ಟಿ ತುಂಬಿಕೊಂಡೇ ಬಂದಿದ್ದಳು, ತಡೆದೆ. ಮಡಿ ಪಕ್ಕ ಹಸಿ ಗೋಣಿಚೀಲ ಹಾಸಿ, ಅಡಿಗೆ ಕೋಸಿನ ಎಲೆ ಇಟ್ಟೆವು. ಬೆಳಿಗ್ಗೆ ಎತ್ತಿದರೆ ಅದರಡಿ ಇನ್ನೂ ಹನ್ನೊಂದು ಅಡಗಿದ್ದವು. ಸುತ್ತ ಸುಣ್ಣದ ಪುಡಿ ಹಾಕಿದ್ದು ಮಾತ್ರ ದಂಡ, ಮಳೆಗೆ ತೊಳೆದು ಹೋಯಿತು.

ಹೊರಡುವ ದಿನ ಅವ್ವ ಗೋಡೆ ಹತ್ತಿರ ನಿಂತು ಕೂಗಿದಳು. "ಏ ಅಕ್ಕಾ, ನಿಮ್ಮ ಹಿತ್ತಲದಾಗೂ ಶಂಖದ ಹುಳ ಅವೇನು? ರಾತ್ರಿ ಬ್ಯಾಟರಿ ಹಾಕಿ ನೋಡ್ರಿ."

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ಆಚೆಯಿಂದ ದನಿ ಬಂತು. "ಅಯ್ಯ, ನಮ್ಮ ಬದನಿ ಸಸಿ ನಿಮ್ಮ ಕರಾನೇ ತಿಂದದ ಅಂತ ತಿಳಕೊಂಡಿದ್ವಲ್ಲ!"