ಕಣ್ಣಿಗಾಗಿ ಉಳಿಸಿದ ಹಲ್ಲು

ಮೇಲ್ದವಡೆಯ ಹಲ್ಲನ್ನು ಕೀಳಿಸಿದರೆ ಕಣ್ಣು ಮಂದವಾಗುವುದೆಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ಬಂಟ್ವಾಳದ ಮಾಸ್ತರರು ಜೀವಮಾನವೆಲ್ಲ ಮಕ್ಕಳಿಗೆ ವಿಜ್ಞಾನ ಕಲಿಸಿದವರಾದರೂ ಈ ನಂಬಿಕೆಯ ಮುಂದೆ ವಿಧೇಯ ವಿದ್ಯಾರ್ಥಿಯೇ ಆಗಿದ್ದರು. ಹಲ್ಲುಜ್ಜುವಾಗಲೆಲ್ಲ ಅವರ ವಸಡಿನಿಂದ ರಕ್ತ ಬರುತ್ತಿತ್ತು. ಮೇಲಿನ ಎರಡು ಹಲ್ಲುಗಳು ಎಲೆಯಡಿಕೆ ಅಗಿಯುವಾಗ ಅಲುಗುತ್ತಿದ್ದುವು. ಮೂಡುಬಿದಿರೆಯ ದಂತವೈದ್ಯರು, ವಸಡನ್ನು ಶುದ್ಧಿಮಾಡಿ ಆ ಎರಡು ಹಲ್ಲುಗಳನ್ನು ಕೀಳಬೇಕೆಂದರು. “ಆಗಲಿ, ಬರುತ್ತೇನೆ” ಎಂದು ಹೊರಟ ಮಾಸ್ತರರು ಬೆಳ್ತಂಗಡಿಯ ತಂಗಿಯ ಮನೆಗೆ ಹೋದರು.

“ಬೇಡ ಅಣ್ಣ. ಹಲ್ಲಿನ ನರ ಕಣ್ಣಿಗೆ ಹೋಗಿರುತ್ತದೆ. ಎರಡು ಹಲ್ಲಿಗಾಗಿ ಕಣ್ಣು ಕಳೆದುಕೊಳ್ಳುತ್ತೀರಾ?” ಎಂದಳು ತಂಗಿ, ಎಲೆಯ ಹರಿವಾಣವನ್ನು ಮುಂದೆ ಸರಿಸುತ್ತ.

ಹಲ್ಲು ಉಳಿಯಿತು. ಮುಂದಿನ ಮಳೆಗಾಲದಲ್ಲಿ ಬಲಗಣ್ಣು ಕೆಂಪಾಯಿತು. ಊರಿನಲ್ಲೆಲ್ಲ ಹರಡಿದ್ದ ಕೆಂಗಣ್ಣೇ ಇರಬೇಕೆಂದು, ನಂದಿಬಟ್ಟಲ ಹೂವನ್ನು ಕಣ್ಣಿನ ಮೇಲಿಟ್ಟುಕೊಂಡು ನಾಲ್ಕು ದಿನ ಕಳೆದರು. ಆದರೆ ಗೀಜು ಬರಲಿಲ್ಲ. ಬದಲಿಗೆ ಬೆಳಕು ಮುಳ್ಳಿನಂತೆ ಚುಚ್ಚಿತು, ಪತ್ರಿಕೆಯ ಅಕ್ಷರ ಮಂಜಾಯಿತು. ಕಣ್ಣಿನ ವೈದ್ಯರು ಪರೀಕ್ಷಿಸಿ ‘ಯುವೈಟಿಸ್’ ಎಂದರು. ಪಾಪೆಯ ಸುತ್ತಲಿನ ಬಣ್ಣದ ಪರದೆಗೂ ಅದರೊಡನೆ ಕೂಡಿಕೊಂಡ ಒಳಪದರಗಳಿಗೂ ಬರುವ ಉರಿಯೂತವದು. ತಡಮಾಡಿದರೆ ಪರದೆ ಮಸೂರಕ್ಕೆ ಅಂಟಿಕೊಂಡು, ಕಣ್ಣಿನೊಳಗೆ ಒತ್ತಡವೇರಿ, ದೃಷ್ಟಿಯೇ ಹೋಗಬಹುದು.

“ಹಲ್ಲು ಕೀಳಿಸಲೇ ಇಲ್ಲವಲ್ಲ, ಡಾಕ್ಟ್ರೇ!” ಎಂದರು ಮಾಸ್ತರರು.

ವೈದ್ಯರು ನಕ್ಕರು. ಹಲ್ಲಿನ ನೋವನ್ನೂ ಕಣ್ಣಿನ ನೋವನ್ನೂ ತಿಳಿಸುವುದು ಒಂದೇ ನರದ ಕವಲುಗಳು. ಆದರೆ ನೋಟದ ನರ ಬೇರೆಯೇ. ಹಲ್ಲು ಕಿತ್ತರೆ ಅದಕ್ಕೇನೂ ಆಗದು. ಹಾಗೆಂದು ನಂಟೇ ಇಲ್ಲವೆನ್ನುವಂತೆಯೂ ಇಲ್ಲ. 1900ರಲ್ಲಿ ವಿಲಿಯಂ ಹಂಟರ್ ಎಂಬ ಇಂಗ್ಲೆಂಡಿನ ವೈದ್ಯರು, ಬಾಯಿಯ ಕೀವು ಅನೇಕ ರೋಗಗಳಿಗೆ ಮೂಲವೆಂದು ಬರೆದರು. ಅದನ್ನು ನಂಬಿದವರು ಕೀಲುನೋವಿಗೂ ಕಣ್ಣುರಿತಕ್ಕೂ ಗಟ್ಟಿಹಲ್ಲುಗಳನ್ನೇ ಕಿತ್ತರು. ತಂಗಿ ಕಣ್ಣಿಗಾಗಿ ಹಲ್ಲುಳಿಸಿದಳು. ಅವರು ಕಣ್ಣಿಗಾಗಿ ಹಲ್ಲು ತೆಗೆದರು! ಹಲವರ ರೋಗ ಇದ್ದಂತೆಯೇ ಇದ್ದುದರಿಂದ ಆ ವಾದ ಮೂಲೆ ಸೇರಿತು.

ಈಗ ಸಂಶೋಧಕರು ಅದೇ ಮಾತನ್ನು ಎಚ್ಚರದಿಂದ ಮತ್ತೆ ತೂಗಿನೋಡುತ್ತಿದ್ದಾರೆ. ಕೆಟ್ಟ ವಸಡಿನ ಮೂಲಕ ರೋಗಾಣುಗಳು ರಕ್ತಕ್ಕಿಳಿಯುತ್ತವೆ. ದೇಹದ ಕಾವಲುಪಡೆ ಸದಾ ಕೆರಳಿರುತ್ತದೆ. ಆ ಕೆರಳಿಕೆ ಕಣ್ಣಿಗೂ ತಟ್ಟಬಹುದು. ಯುವೈಟಿಸ್ ಬಂದವರಲ್ಲಿ ವಸಡಿನ ರೋಗವೂ ಹೆಚ್ಚೆಂದು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು.

“ಆದುದರಿಂದ ಕಣ್ಣಿಗೆ ಕಣ್ಣಿನ ಮದ್ದು, ವಸಡಿಗೆ ವಸಡಿನ ಮದ್ದು. ಎರಡನ್ನೂ ಬಿಡಬೇಡಿ” ಎಂದರು ವೈದ್ಯರು.

ವಾರಗಟ್ಟಲೆ ಹನಿಮದ್ದು ಹಾಕಿದ ಮೇಲೆ ಕಣ್ಣು ತಿಳಿಯಾಯಿತು. ಬಳಿಕ ಮಾಸ್ತರರು ಮೂಡುಬಿದಿರೆಗೆ ಹೋಗಿ ವಸಡನ್ನು ಶುದ್ಧಿಮಾಡಿಸಿ, ಆ ಎರಡು ಹಲ್ಲುಗಳನ್ನೂ ಕೀಳಿಸಿಕೊಂಡರು. ತಂಗಿ ಜೊತೆಗಿದ್ದಳು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅಣ್ಣನೆದುರು ಗೋಡೆಯ ಕ್ಯಾಲೆಂಡರನ್ನು ತೋರಿಸಿ, “ಓದಿ ನೋಡುವಾ” ಎಂದಳು. ಮಾಸ್ತರರು ಬೆರಳುಗಳನ್ನೆತ್ತಿ ಅಂದಿನ ತಾರೀಕನ್ನು ತೋರಿಸಿದರು.

ತಂಗಿ ತುಸು ಹೊತ್ತು ಸುಮ್ಮನಿದ್ದಳು. ಅನಂತರ ವೈದ್ಯರತ್ತ ತಿರುಗಿ, “ನನಗೂ ಹಲ್ಲುಜ್ಜುವಾಗ ರಕ್ತ ಬರುವುದುಂಟು. ಒಮ್ಮೆ ನೋಡುತ್ತೀರಾ?” ಎಂದಳು.